ಮೊಟ್ಟಮೊದಲ ನೆನಪು ನಮ್ಮ ಸ್ವಭಾವವನ್ನು ಹೇಳುತ್ತದೆಯೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು 22 ವರ್ಷಗಳಿಂದ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ನಡೆದ ಒಂದು ದಿನದ ತರಬೇತಿಯಲ್ಲಿ, ಹೊರಗಿನಿಂದ ಬಂದಿದ್ದ ತರಬೇತುದಾರರು ನಮ್ಮನ್ನೆಲ್ಲ ಸುತ್ತಲೂ ಕೂರಿಸಿ, ಕಣ್ಣು ಮುಚ್ಚಿಕೊಂಡು ಬದುಕಿನ ಮೊಟ್ಟಮೊದಲ ನೆನಪನ್ನು ಹೇಳಬೇಕೆಂದು ಕೇಳಿದರು. ಒಬ್ಬೊಬ್ಬರು ಹೇಳಿ ಮುಗಿಸಿದ ಕೂಡಲೇ, ಆ ನೆನಪನ್ನೇ ಹಿಡಿದು ಅವರ ಸ್ವಭಾವ ಇಂಥದ್ದು ಎಂದು ಎರಡು ಮಾತಿನಲ್ಲಿ ತೀರ್ಮಾನಿಸುತ್ತಾ ಹೋದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿಯ ನೆನಪು ಒಂದು ಹೊಡೆತದ್ದು: ಎಲ್ಲಿಂದಲೋ ಬೀಸಿ ಬಂದ ಕೈ ಕೆನ್ನೆಗೆ ಬಿದ್ದದ್ದು, ಕಿವಿ ಗುಂಯ್ ಎಂದದ್ದು, ಅಷ್ಟೇ. ತರಬೇತುದಾರರು, ‘ಮೇಲಧಿಕಾರಿಗಳ ಎದುರು ನೀವು ಇವತ್ತಿಗೂ ಬಾಯಿ ಬಿಡದಿರುವುದಕ್ಕೆ ಬೇರು ಅಲ್ಲಿದೆ’ ಎಂದರು. ಆಕೆ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ.

ನನ್ನ ನೆನಪನ್ನೂ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಸೀಮೆಯ ಹಳ್ಳಿ. ನನಗೆ ಮೂರು ವರ್ಷ ತುಂಬಿರಬೇಕು. ಅಡಿಕೆ ಕೊಯ್ಲಿನ ಕಾಲ. ರಾತ್ರಿ ಅಂಗಳದ ಚಪ್ಪರದ ಕೆಳಗೆ ಲಾಟೀನು ತೂಗುಹಾಕಿದ್ದಾರೆ. ಹತ್ತು ಹನ್ನೆರಡು ಹೆಂಗಸರು ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದಾರೆ. ಸಿಪ್ಪೆ ಬಿಡುವ ಸದ್ದು ಮತ್ತು ಡಬ್ಬಿಗೆ ಅಡಿಕೆ ಬೀಳುವ ಸದ್ದು ಒಂದರ ಹಿಂದೆ ಒಂದರಂತೆ ಕೇಳುತ್ತಿವೆ. ಅತ್ತ ಒಲೆಯ ಮೇಲಿನ ಹಂಡೆಯಿಂದ ಅಡಿಕೆ ಬೇಯಿಸುವ ಚೊಗರಿನ ಒಗರು ವಾಸನೆ ಬರುತ್ತಿದೆ. ಒಂದು ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿರುವ ಪುಟ್ಟ ಹುಡುಗಿ ನನಗೆ ಕಾಣುತ್ತಾಳೆ. ಅವಳು ಮಾತಾಡುವುದಿಲ್ಲ. ಹೆಂಗಸರು ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ತೋಟಕ್ಕೆ ಕೊಳೆರೋಗ ಬಂತು ಎಂದೆಲ್ಲ ಹೇಳಿಕೊಳ್ಳುವುದನ್ನು ಕೇಳುತ್ತಾ ಬಿದ್ದುಕೊಂಡಿದ್ದಾಳೆ.

ಇದನ್ನು ಕೇಳಿದ ತರಬೇತುದಾರರಿಗೆ ಬಹಳ ಸಂತೋಷವಾಯಿತು. ‘ನೋಡಿ, ಬದುಕಿಡೀ ಪಕ್ಕದಲ್ಲಿ ಕುಳಿತು ಬೇರೆಯವರ ಮಾತು ಕೇಳಿ ಬರೆದುಕೊಳ್ಳುವುದೇ ನಿಮ್ಮ ಉದ್ಯೋಗವಾಯಿತು’ ಎಂದರು. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೂ ಮೈ ಜುಮ್ಮೆಂದಿತು. ನಾನು ಮಾತು ಕಡಿಮೆ ಆಡುವವಳು. ಕೇಳುವುದರಲ್ಲಿ ನನಗೆ ಸುಖವಿದೆ. ಆದರೆ ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಸಾಕ್ಷಿಕಟ್ಟೆಯಲ್ಲಿ ನಿಂತವರು ನಾಲ್ಕು ವರ್ಷದ ಹಿಂದಿನ ಘಟನೆಯನ್ನು ಮುಖ್ಯ ವಿಚಾರಣೆಯಲ್ಲಿ ಕಣ್ಣಿಗೆ ಕಟ್ಟಿದಂತೆ ಹೇಳಿ, ಪಾಟೀಸವಾಲಿನಲ್ಲಿ ‘ಆಗ ದೀಪ ಉರಿಯುತ್ತಿತ್ತೇ’ ಎಂಬ ಸಣ್ಣ ಪ್ರಶ್ನೆಗೆ ತಡವರಿಸುವುದನ್ನು ನಾನು ನೂರಾರು ಬಾರಿ ಬರೆದುಕೊಂಡಿದ್ದೇನೆ. ಅವರಲ್ಲಿ ಬಹುಪಾಲು ಜನ ಸುಳ್ಳುಗಾರರಲ್ಲ. ತಾವು ಕಂಡದ್ದು ಯಾವುದು, ಆಮೇಲೆ ಕೇಳಿ ಸೇರಿಸಿಕೊಂಡದ್ದು ಯಾವುದು ಎಂಬುದು ಅವರಿಗೇ ತಿಳಿಯದಂತೆ ಬೆರೆತುಹೋಗಿರುತ್ತದೆ. ನಾಲ್ಕು ವರ್ಷದ ನೆನಪಿನ ಗತಿಯೇ ಹೀಗಾದರೆ, ನಲವತ್ತು ವರ್ಷಕ್ಕೂ ಹಿಂದಿನ ನೆನಪೊಂದರ ಮೇಲೆ ಒಬ್ಬ ಮನುಷ್ಯನ ಸ್ವಭಾವವನ್ನು ನಿಲ್ಲಿಸಬಹುದೇ?

ನಿಮ್ಮ ಮೊದಲ ನೆನಪು ಯಾವುದು, ಅದಕ್ಕೂ ಇಂದಿನ ನಿಮಗೂ ನಿಜವಾದ ಸಂಬಂಧವಿದೆ ಎಂದು ನಿಮಗೆ ಅನ್ನಿಸುತ್ತದೆಯೇ ಎಂಬುದನ್ನು ದಯವಿಟ್ಟು ಬರೆಯಿರಿ. ಈ ಶಾಸ್ತ್ರ ಬಲ್ಲವರು ಇದ್ದರೆ ನನ್ನ ಸಹೋದ್ಯೋಗಿಗೆ ನಾನು ಏನು ಹೇಳಬೇಕೆಂಬುದನ್ನೂ ತಿಳಿಸಿ.

ಬೆಟಗೇರಿ ಮಾಸ್ತರ

ಮೇಡಂ, ನಿಮ್ಮ ಪ್ರಶ್ನೆಯನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಇದೇ ತಪ್ಪನ್ನು ನಾನು ನನ್ನ ಮೇಲೆಯೇ ಸುಮಾರು ಇಪ್ಪತ್ತು ವರ್ಷ ಮಾಡಿದ್ದೇನೆ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಗದಗಿನ ಕಡೆಯವನು. 1980ರ ಫೆಬ್ರವರಿ 16ರಂದು, ಶನಿವಾರ, ನಮ್ಮ ನಾಡಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅಂಕೋಲಾದ ಬಳಿ ನೆಲಕ್ಕೆ ಬಿದ್ದ ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಸಾಗಿ ಆಂಧ್ರದ ಕಡೆ ಸರಿಯಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ಪೂರ್ತಿ ಕತ್ತಲಾಗಿತ್ತು. ನನಗೆ ಆಗ ಮೂರು ವರ್ಷ ಎಂಟು ತಿಂಗಳು. ತಮ್ಮ ಮೊದಲ ನೆನಪಿಗೆ ತಾರೀಖು ಹಾಕಬಲ್ಲವರು ಅಪರೂಪ. ನಾನು ಗಂಟೆಯನ್ನೂ ಹಾಕಬಲ್ಲೆ ಎಂದು ಹೆಮ್ಮೆಪಡುತ್ತಿದ್ದೆ. ನನ್ನ ನೆನಪಿನಲ್ಲಿ ಹಗಲೇ ಕತ್ತಲಾಗಿದೆ, ಕಪ್ಪನೆಯ ಆಕಾಶದಲ್ಲಿ ಚುಕ್ಕಿಗಳು ಮೂಡಿವೆ, ಹಕ್ಕಿಗಳು ಗೂಡಿಗೆ ಮರಳುತ್ತಿವೆ, ನಾನು ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದೇನೆ. ಪ್ರತಿವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳಿ, ‘ಅಂದೇ ನಾನು ವಿಜ್ಞಾನದ ಮೇಷ್ಟ್ರಾಗುವುದು ನಿಶ್ಚಯವಾಯಿತು’ ಎಂದು ಮುಗಿಸುತ್ತಿದ್ದೆ.

2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಬಂತು. ಕಂಕಣ ಮಂಗಳೂರು, ಕೊಡಗಿನ ಕಡೆ ಕಂಡಿತು. ನಮ್ಮಲ್ಲಿ ಪಾರ್ಶ್ವ ಗ್ರಹಣ. ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಅದನ್ನು ತೋರಿಸಿ ಸಂಜೆ ಮನೆಗೆ ಹೋದಾಗ ಚಿಗವ್ವನ ಮುಂದೆ ಇದೇ ಹಳೆಯ ಮಾತನ್ನು ತೆಗೆದೆ. ಅವಳು ನನ್ನ ಮುಖ ನೋಡಿ, ‘ನಿನ್ನ ಹೊರಗ ಯಾರು ಬಿಟ್ಟಿದ್ರು? ನಿಮ್ಮವ್ವ ಬಸರಿ ಇದ್ಲು. ಬಾಗಲಾ ಹಾಕ್ಕೊಂಡು, ಕಿಟಕಿಗೆ ಕಂಬಳಿ ಕಟ್ಟಿ, ನಾಕೂ ಹುಡುಗರನ್ನ ಅಡಗಿ ಮನಿಯಾಗ ಕೂಡಿಸಿದ್ವಿ. ನೀರ ಬೇಕಂತ ನೀ ಅತ್ತಿ, ಗ್ರಾಣ ಬಿಡೂ ತನಕ ಕೊಡಲಿಲ್ಲ’ ಎಂದಳು. ನಾನು ವಾದಿಸಿದೆ. ಅವಳು ತನ್ನ ತಂಗಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಅವರೂ ಅದನ್ನೇ ಹೇಳಿದರು.

ಹಕ್ಕಿಗಳು ಎಲ್ಲಿಂದ ಬಂದವೆಂದು ಹುಡುಕುವುದು ಕಷ್ಟವಾಗಲಿಲ್ಲ. ಗ್ರಹಣದಲ್ಲಿ ಹಕ್ಕಿಗಳು ಗೂಡು ಸೇರುವ ಮಾತು ಶಾಲೆಯ ಪಾಠದಲ್ಲಿತ್ತು, ಊರ ಹಿರಿಯರ ಬಾಯಲ್ಲಿತ್ತು. ಆದರೆ ಚುಕ್ಕಿಗಳನ್ನು ಬಿಟ್ಟುಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಅವು ಅಷ್ಟು ಸ್ಪಷ್ಟವಾಗಿದ್ದವು, ಮತ್ತು ಅವುಗಳ ಜೊತೆಗೆ ಉಣ್ಣೆಯ ಒಂದು ವಾಸನೆ ಯಾವಾಗಲೂ ಇರುತ್ತಿತ್ತು. ಅಂಗಳದಲ್ಲಿ ನಿಂತವನಿಗೆ ಉಣ್ಣೆಯ ವಾಸನೆ ಏಕೆ ಬರಬೇಕೆಂದು ನಾನು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಹಳೆಯ ಮನೆಯ ಆ ಪಡುವಣ ಕಿಟಕಿಗೆ ನುಸಿ ಹಿಡಿದ ಕಂಬಳಿಯೊಂದನ್ನು ಕಟ್ಟಿ, ಬಾಗಿಲು ಮುಚ್ಚಿಕೊಂಡು ನೆಲದ ಮೇಲೆ ಕುಳಿತೆ. ಕರಿಯ ಕಂಬಳಿಯ ತುಂಬ ಸಣ್ಣ ಸಣ್ಣ ತೂತುಗಳಿಂದ ಬಿಸಿಲು ತೂರಿ, ಕಪ್ಪಿನ ಮೇಲೆ ಬೆಳ್ಳನೆಯ ಚುಕ್ಕಿಗಳು ಹರಡಿದ್ದವು. ನಾನು ಕಂಡ ನಕ್ಷತ್ರಗಳು ಅವೇ ಎಂದು ನನಗೆ ಈಗ ಬಹುಮಟ್ಟಿಗೆ ಖಾತ್ರಿಯಾಗಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆ ನೆನಪು ನನ್ನನ್ನು ಮೇಷ್ಟ್ರನ್ನಾಗಿ ಮಾಡಲಿಲ್ಲ. ನಾನು ಮೇಷ್ಟ್ರಾದ ಮೇಲೆ, ಮೇಷ್ಟ್ರಿಗೆ ತಕ್ಕಂತೆ ಆ ನೆನಪನ್ನು ತಿದ್ದಿಕೊಂಡೆ. ಕಿರಾಣಿ ಅಂಗಡಿ ಇಟ್ಟಿದ್ದರೆ, ಬಾಯಾರಿ ಅತ್ತದ್ದೇ ನನ್ನ ಮೊದಲ ನೆನಪಾಗಿ ಉಳಿಯುತ್ತಿತ್ತೋ ಏನೋ. ಈಗ ಮಕ್ಕಳಿಗೆ ಎರಡೂ ಕಥೆಗಳನ್ನು ಹೇಳುತ್ತೇನೆ. ಕಣ್ಣಾರೆ ಕಂಡದ್ದಕ್ಕೂ ಕೇಳಿ ತಿಳಿದದ್ದಕ್ಕೂ ಇರುವ ಅಂತರವನ್ನು ವಿವರಿಸಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಓದಿನ ಮನೆ

ನಾನು ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಮೊದಲಿಗೆ, ಸಹೋದ್ಯೋಗಿಗಳ ಎದುರು ಒಬ್ಬರಿಂದ ಇಂಥ ನೆನಪನ್ನು ಹೇಳಿಸಿ, ಕೂಡಲೇ ತೀರ್ಪು ಕೊಟ್ಟದ್ದು ತಪ್ಪು ಎಂಬುದನ್ನು ಸ್ಪಷ್ಟವಾಗಿ ಬರೆಯಬಯಸುತ್ತೇನೆ. ಆ ತರಬೇತುದಾರರು ಬಳಸಿದ ಪದ್ಧತಿಗೆ ಒಂದು ಮೂಲವಿದೆ, ಆದರೆ ಆ ಮೂಲವನ್ನು ಅವರು ತಲೆಕೆಳಗು ಮಾಡಿದ್ದಾರೆ.

ಮೊದಲ ನೆನಪಿಗೆ ಇಷ್ಟು ಮಹತ್ವ ಕೊಟ್ಟವರು ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್ (1870–1937). ಎಣಿಕೆಗೆ ಸಿಗದಷ್ಟು ಅನುಭವಗಳಲ್ಲಿ ಮನುಷ್ಯ ಕೆಲವನ್ನು ಮಾತ್ರ ಇಟ್ಟುಕೊಳ್ಳುತ್ತಾನೆ, ಬದುಕನ್ನು ಕುರಿತು ತಾನು ಈಗ ತಳೆದಿರುವ ದೃಷ್ಟಿಗೆ ಹೊಂದುವಂಥವನ್ನೇ ಇಟ್ಟುಕೊಳ್ಳುತ್ತಾನೆ ಎಂಬುದು ಅವರ ವಾದ. ಆ ಘಟನೆಯೇ ಸ್ವಭಾವಕ್ಕೆ ಕಾರಣವೆಂದು ಅವರು ಹೇಳಲಿಲ್ಲ. ನೆನಪು ಸತ್ಯವೇ ಎಂಬುದು ಕೂಡ ಅವರಿಗೆ ಮುಖ್ಯವಾಗಿರಲಿಲ್ಲ, ಮತ್ತು ಅದಕ್ಕೆ ಅವರದೇ ಬದುಕಿನ ಒಂದು ಪ್ರಸಂಗ ಸಾಕ್ಷಿ. ಐದು ವರ್ಷದವರಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಸ್ಮಶಾನವೊಂದನ್ನು ದಾಟಬೇಕಿತ್ತೆಂದೂ, ಉಳಿದ ಹುಡುಗರು ನಿರಾತಂಕವಾಗಿ ನಡೆಯುವಾಗ ತಮಗೆ ಮಾತ್ರ ಭಯವಾಗುತ್ತಿತ್ತೆಂದೂ, ಒಂದು ದಿನ ಹಠ ಹಿಡಿದು ಆ ಸ್ಮಶಾನದಲ್ಲಿ ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ಓಡಾಡಿ ಭಯವನ್ನು ಗೆದ್ದೆನೆಂದೂ ಅವರಿಗೆ ಚೆನ್ನಾಗಿ ನೆನಪಿತ್ತು. ಎಷ್ಟೋ ವರ್ಷಗಳ ನಂತರ ಹಳೆಯ ಸಹಪಾಠಿಯೊಬ್ಬ ಸಿಕ್ಕಾಗ ಆ ಸ್ಮಶಾನದ ಬಗ್ಗೆ ಕೇಳಿದರೆ, ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲವೆಂದು ತಿಳಿಯಿತು. ಆಡ್ಲರ್ ಆ ನೆನಪನ್ನು ಎಸೆಯಲಿಲ್ಲ; ಭಯವನ್ನು ಮೀರಬೇಕೆಂಬ ತಮ್ಮ ಹಂಬಲವೇ ಸ್ಮಶಾನವನ್ನು ಕಟ್ಟಿಕೊಂಡಿತೆಂದು ಅರ್ಥಮಾಡಿಕೊಂಡರು. ಗದಗಿನ ಮಾಸ್ತರರು ಕಂಬಳಿ ಕಟ್ಟಿ ಕಂಡುಕೊಂಡದ್ದು ಇದನ್ನೇ ಅಲ್ಲವೇ?

ತುಂಗಾತೀರ ಅವರೇ, ನಿಮ್ಮ ನೆನಪಿನಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು. ಗೋಣಿಚೀಲದ ಮೇಲೆ ಮಲಗಿರುವ ಹುಡುಗಿ ನಿಮಗೆ ‘ಕಾಣುತ್ತಾಳೆ’. ಮಲಗಿದ್ದವರು ನೀವೇ ಆಗಿದ್ದರೆ ನಿಮಗೆ ಲಾಟೀನು ಕಾಣಬೇಕು, ಚಪ್ಪರ ಕಾಣಬೇಕು. ನಿಮ್ಮನ್ನೇ ನೀವು ನೋಡುವುದು ಹೇಗೆ? ಸಿಗ್ಮಂಡ್ ಫ್ರಾಯ್ಡ್ 1899ರಲ್ಲಿ ಬರೆದ ಲೇಖನವೊಂದರಲ್ಲಿ, ನೆನಪಿನ ಚಿತ್ರದಲ್ಲಿ ನಾವೇ ಹೊರಗಿನವರಂತೆ ಕಾಣಿಸಿಕೊಂಡರೆ ಮೂಲದ ಅನುಭವ ಆಮೇಲೆ ಮರುರಚನೆಯಾಗಿದೆ ಎಂಬುದಕ್ಕೆ ಅದು ಗುರುತು ಎಂದಿದ್ದಾರೆ. ಅವರ ಎಷ್ಟೋ ಸಿದ್ಧಾಂತಗಳನ್ನು ನಾನು ಒಪ್ಪುವುದಿಲ್ಲ, ಈ ಸೂಕ್ಷ್ಮವನ್ನು ಮಾತ್ರ ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹಾಗೆಂದು ಚೊಗರಿನ ವಾಸನೆ ಸುಳ್ಳೆಂದು ನಾನು ಹೇಳುತ್ತಿಲ್ಲ.

ಮೊದಲ ನೆನಪು ಎಂಬುದೇ ನಾವು ಭಾವಿಸುವಷ್ಟು ಸ್ಥಿರವಾದ ವಸ್ತುವಲ್ಲ. ಕೆನಡಾದ ಸಂಶೋಧಕಿ ಕ್ಯಾರಲ್ ಪೀಟರ್ಸನ್ ಮತ್ತು ಸಂಗಡಿಗರು ನಾಲ್ಕರಿಂದ ಹದಿಮೂರು ವರ್ಷದ 140 ಮಕ್ಕಳನ್ನು ಅವರ ಮೊದಲ ನೆನಪು ಯಾವುದೆಂದು ಕೇಳಿ, ಎರಡು ವರ್ಷ ಕಳೆದ ಮೇಲೆ ಅದೇ ಮಕ್ಕಳನ್ನು ಮತ್ತೆ ಕೇಳಿದರು. ಚಿಕ್ಕ ಮಕ್ಕಳಲ್ಲಿ ಬಹುಪಾಲು ಮಂದಿ ಎರಡನೆಯ ಬಾರಿ ಬೇರೆಯೇ ನೆನಪನ್ನು, ಅದೂ ಇನ್ನಷ್ಟು ದೊಡ್ಡ ವಯಸ್ಸಿನದನ್ನು, ಹೇಳಿದರು. ದೊಡ್ಡ ಮಕ್ಕಳು ಹೆಚ್ಚಾಗಿ ಅದೇ ನೆನಪಿಗೆ ಅಂಟಿಕೊಂಡಿದ್ದರು. ಅಮೆರಿಕದ ಪೆಟ್ರಿಷಿಯಾ ಬಾವರ್ ಅವರ 2014ರ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಮೂರನೆಯ ವಯಸ್ಸಿನಲ್ಲಿ ತಾಯಂದಿರೊಡನೆ ಮಾತಾಡಿದ್ದ ಘಟನೆಗಳಲ್ಲಿ ಐದರಿಂದ ಏಳು ವರ್ಷದವರು ನೂರಕ್ಕೆ 60ಕ್ಕೂ ಹೆಚ್ಚನ್ನು ನೆನಪಿಟ್ಟುಕೊಂಡಿದ್ದರೆ, ಎಂಟು ಒಂಬತ್ತು ವರ್ಷದವರಲ್ಲಿ ಅದು 40ಕ್ಕಿಂತ ಕೆಳಗಿಳಿದಿತ್ತು. ಅಂದರೆ ನಮಗೆಲ್ಲ ಇನ್ನೂ ಹಿಂದಿನ ನೆನಪುಗಳಿದ್ದವು. ಶಾಲೆಯ ವರ್ಷಗಳಲ್ಲಿ ಅವು ಅಳಿಸಿಹೋದವು. ಮೆದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಎಳೆಯ ವಯಸ್ಸಿನಲ್ಲಿ ಹೊಸ ನರಕೋಶಗಳು ಬಹುವೇಗವಾಗಿ ಹುಟ್ಟುವುದೇ ಹಳೆಯ ನೆನಪುಗಳನ್ನು ಕದಡುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಆದ್ದರಿಂದ ‘ಮೊದಲನೆಯದು’ ಎಂದು ನಾವು ಕರೆಯುವುದು ಬುನಾದಿಯ ಕಲ್ಲಲ್ಲ, ನೆರೆ ಇಳಿದ ಮೇಲೆ ದಂಡೆಯಲ್ಲಿ ಉಳಿದದ್ದು.

ಏನು ಉಳಿಯಬೇಕೆಂಬುದರಲ್ಲಿ ಮನೆಯ ಮಾತುಕತೆಗೂ ದೊಡ್ಡ ಪಾಲಿದೆ. ಸಂಶೋಧಕಿ ಚಿ ವಾಂಗ್ ಅವರ ಹೋಲಿಕೆಯಲ್ಲಿ ಅಮೆರಿಕನ್ನರ ಮೊದಲ ನೆನಪು ಸರಾಸರಿ ಮೂರೂವರೆ ವರ್ಷದ ಸುತ್ತ ಇದ್ದರೆ ಚೀನೀಯರದು ಸುಮಾರು ಆರು ತಿಂಗಳು ತಡವಾಗಿತ್ತು. ಹಳೆಯದನ್ನು ಮತ್ತೆ ಮತ್ತೆ ಹೇಳುವ ಸಂಪ್ರದಾಯವಿರುವ ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ ಅದು ಎರಡು ವರ್ಷ ಎಂಟು ತಿಂಗಳಷ್ಟು ಹಿಂದಕ್ಕೆ ಹೋಗುತ್ತದೆ. ಹೇಳಿ ಹೇಳಿ ಉಳಿಸುವ ಈ ಬಾಯಿಗೆ ಇಲ್ಲದ್ದನ್ನು ಸೃಷ್ಟಿಸುವ ಶಕ್ತಿಯೂ ಇದೆ. ಮಕ್ಕಳ ಬುದ್ಧಿವಿಕಾಸವನ್ನು ಕುರಿತು ಅಷ್ಟೆಲ್ಲ ಬರೆದ ಜೀನ್ ಪಿಯಾಜೆ, ಎರಡು ವರ್ಷದವರಾಗಿದ್ದಾಗ ಪ್ಯಾರಿಸ್ಸಿನ ರಸ್ತೆಯಲ್ಲಿ ತಮ್ಮನ್ನು ಒಬ್ಬ ಅಪಹರಿಸಲು ಬಂದದ್ದನ್ನೂ, ದಾದಿ ಸೆಣಸಾಡಿ ಕಾಪಾಡಿದ್ದನ್ನೂ, ಅವಳ ಮುಖದ ಮೇಲಿನ ಗೀರುಗಳನ್ನೂ ಕಣ್ಣಾರೆ ಕಂಡಂತೆ ನೆನೆಯುತ್ತಿದ್ದರು. ಅವರಿಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿ, ಅದೆಲ್ಲ ತಾನು ಕಟ್ಟಿದ ಕಥೆ ಎಂದು ಒಪ್ಪಿಕೊಂಡು ಪತ್ರ ಬರೆದು, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಹಿಂದಿರುಗಿಸಿದಳು.

ನಿಮ್ಮ ಸಹೋದ್ಯೋಗಿಗೆ ಹೀಗೆ ಹೇಳಿ: ಒಂದು ಹೊಡೆತದ ನೆನಪು ಆಕೆಯ ಇಂದಿನ ಮೌನಕ್ಕೆ ಕಾರಣವೆಂದು ತೋರಿಸುವ ಯಾವ ಆಧಾರವೂ ಆ ಕೋಣೆಯಲ್ಲಿ ಯಾರ ಬಳಿಯೂ ಇರಲಿಲ್ಲ. ನೆನಪು ಆಕೆಯನ್ನು ಈಗಲೂ ನೋಯಿಸುತ್ತಿದ್ದರೆ ಅದಕ್ಕೆಂದೇ ಕಲಿತ ಆಪ್ತಸಮಾಲೋಚಕರ ಬಳಿ, ಸಮಯ ಮಾಡಿಕೊಂಡು, ಇಬ್ಬರೇ ಕುಳಿತು ಮಾತಾಡಬೇಕು. ನಿಮ್ಮ ನೆನಪಿನ ಬಗ್ಗೆ ಮನೆಯ ಹಿರಿಯರನ್ನು ಕೇಳುವುದಾದರೆ, ‘ನಾನು ಸುಮ್ಮನೆ ಮಲಗಿರುತ್ತಿದ್ದೆ, ಅಲ್ಲವೇ’ ಎಂದು ಕೇಳಬೇಡಿ. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಯ ಫಲ ಏನೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಪಡುಗಡಲು

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸಬೇಕೆನಿಸಿತು. ಎಲ್ಲ ನೆನಪನ್ನೂ ಪಾಟೀಸವಾಲಿಗೆ ನಿಲ್ಲಿಸಲೇಬೇಕೇ?

ನಾನು ಉಡುಪಿ ಕಡೆಯವನು. ಹದಿನೇಳು ವರ್ಷಗಳಿಂದ ಮಸ್ಕತ್ತಿನಲ್ಲಿದ್ದೇನೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅವರು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ನನ್ನ ಮೊದಲ ನೆನಪಿನಲ್ಲಿರುವುದು ಅವರ ಕೈಗಳು. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ಎಡಗೈ ಎಲೆಯನ್ನು ಹಿಡಿಯುತ್ತದೆ, ಬಲಗೈ ಪುಡಿಯನ್ನು ಉದ್ದಕ್ಕೆ ಸುರಿಯುತ್ತದೆ, ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿ ಒಮ್ಮೆ ಉರುಳಿಸುತ್ತವೆ, ಹೆಬ್ಬೆರಳ ಉಗುರು ಬಾಯಿಯನ್ನು ಮಡಚುತ್ತದೆ, ನೂಲು ಎರಡು ಸುತ್ತು ಬಂದು ತುಂಡಾಗುತ್ತದೆ. ಮುಖ ಕಾಣುವುದಿಲ್ಲ. ಎಷ್ಟು ಪ್ರಯತ್ನಿಸಿದರೂ ಕಾಣುವುದಿಲ್ಲ. ಅವರ ಮುಖವನ್ನು ನಾನು ಬಲ್ಲದ್ದು ಮದುವೆಯ ಫೋಟೋದಿಂದ, ಮತ್ತು ಆ ಮುಖವನ್ನು ಈ ಕೈಗಳಿಗೆ ಜೋಡಿಸಲು ನನ್ನಿಂದ ಸಾಧ್ಯವಾಗಿಲ್ಲ. ‘ಬಲ ಮಗಾ, ಮುಲ್ಪ ಕುಲ್ಲು’ ಎಂಬ ಒಂದು ಮಾತು ಮಾತ್ರ ಕೇಳುತ್ತದೆ, ‘ಬಾ ಮಗಾ, ಇಲ್ಲಿ ಕುಳಿತುಕೋ’ ಎಂದು. ಅದು ತುಳುವಿನಲ್ಲಿಯೇ ಕೇಳುತ್ತದೆ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಆ ಮಾತು ಸ್ವಲ್ಪ ದೂರ ಸರಿದಂತೆ ಆಗುತ್ತದೆ.

ನನ್ನ ಸ್ವಭಾವಕ್ಕೂ ಇದಕ್ಕೂ ಏನು ಸಂಬಂಧ? ನಾನು ಒಂದು ಕಡೆ ಕುಳಿತು ಕೈಕೆಲಸ ಮಾಡುವ ತಾಳ್ಮೆಯಿಲ್ಲದವನು. ಗೋದಾಮಿನಲ್ಲಿ ದಿನವಿಡೀ ಓಡಾಡುವ ಕೆಲಸ ನನ್ನದು. ನಾವೆಲ್ಲ ಮೊದಲ ನೆನಪನ್ನು ನಮ್ಮದೇ ಕನ್ನಡಿ ಎಂದುಕೊಂಡು ವಾದಿಸುತ್ತಿದ್ದೇವೆ. ನನ್ನ ನೆನಪಿನಲ್ಲಿ ನಾನು ಇಲ್ಲವೇ ಇಲ್ಲ. ಅದು ಅಮ್ಮ ಹೇಗಿದ್ದರು ಎಂಬುದನ್ನು ಹೇಳುತ್ತದೆ. ನಾನು ಆಮೇಲೆ ಇತರ ಹೆಂಗಸರು ಬೀಡಿ ಕಟ್ಟುವುದನ್ನು ಕಂಡು ಆ ಕೈಗಳನ್ನು ಅಮ್ಮನಿಗೆ ತೊಡಿಸಿರಬಹುದು ಎಂಬುದು ನನಗೆ ಹೊಳೆಯದ ಸಂಗತಿಯಲ್ಲ. ಊರಿನಲ್ಲಿ ಅಮ್ಮನ ಜೊತೆ ಬೀಡಿ ಬ್ರಾಂಚಿಗೆ ಹೋಗುತ್ತಿದ್ದವರೊಬ್ಬರು ಇನ್ನೂ ಇದ್ದಾರೆ. ಅವರನ್ನು ಕೇಳಿದರೆ ತಿಳಿಯುತ್ತದೆ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಬೆಟಗೇರಿ ಮಾಸ್ತರ

ಪಡುಗಡಲು ಅವರೇ, ನೀವು ಹೇಳಿದ್ದು ಸರಿ. ನನ್ನ ನೆನಪನ್ನು ಪರೀಕ್ಷೆಗೆ ಒಡ್ಡಿದ್ದರಿಂದ ನಾನು ಕಳೆದುಕೊಂಡದ್ದು ಒಂದು ಹೆಮ್ಮೆಯನ್ನು ಮಾತ್ರ, ಅದಕ್ಕೆ ಬದಲಾಗಿ ಕಂಬಳಿಯ ಚುಕ್ಕಿಗಳು ಸಿಕ್ಕವು. ನಿಮ್ಮ ವಿಷಯದಲ್ಲಿ ಹಾಗಲ್ಲ. ಎಲ್ಲರೂ ಕಿಟಕಿಗೆ ಕಂಬಳಿ ಕಟ್ಟಿ ನೋಡಬೇಕೆಂಬ ಧ್ವನಿ ನನ್ನ ಬರಹದಲ್ಲಿದ್ದರೆ ಕ್ಷಮಿಸಿ.

ಓದಿನ ಮನೆ

ತುಳುವಿನ ಮಾತನ್ನು ಕುರಿತು ಒಂದೇ ಸಂಗತಿ. ರಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋದವರನ್ನು ವಿಯೊರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ ಎರಡೂ ಭಾಷೆಗಳಲ್ಲಿ ಸಂದರ್ಶಿಸಿದಾಗ, ರಷ್ಯನ್ ಭಾಷೆಯಲ್ಲಿ ಕೇಳಿದರೆ ರಷ್ಯನ್ ಮಾತಾಡುತ್ತಿದ್ದ ಕಾಲದ ನೆನಪುಗಳೂ, ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನ ಕಾಲದ ನೆನಪುಗಳೂ ಹೆಚ್ಚಾಗಿ ಬಂದವು. 2000ದಲ್ಲಿ ಪ್ರಕಟವಾದ ಅಧ್ಯಯನವದು. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿ, ಶಾಲೆಯ ಮಾತು ಕನ್ನಡವಾಗಿರುವ ನಮ್ಮ ನಾಡಿನ ಲಕ್ಷಾಂತರ ಜನರಿಗೆ ಇದು ಅನುಭವದಿಂದಲೇ ಗೊತ್ತಿರುವ ವಿಷಯ. ಆ ತರಬೇತಿಯಲ್ಲಿ ಯಾವ ಭಾಷೆಯಲ್ಲಿ ನೆನಪು ಹೇಳಿಸಿದರೋ, ಅದೂ ಒಂದು ಪ್ರಶ್ನೆಯೇ.

ಪಡುಗಡಲು ಅವರೇ, ನೀವು ಆ ಹಿರಿಯರನ್ನು ಕೇಳದಿರುವುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅಮ್ಮನ ಬೇರೆ ಯಾವುದಾದರೂ ಸಂಗತಿಯನ್ನು, ಅವರು ದಾರಿಯಲ್ಲಿ ಏನು ಮಾತಾಡುತ್ತಿದ್ದರು ಎಂಬಂಥದ್ದನ್ನು, ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಅದರಿಂದ ಆ ಕೈಗಳಿಗೆ ಏನೂ ಆಗುವುದಿಲ್ಲ.

ತುಂಗಾತೀರ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಪಡುಗಡಲು ಅವರ ಬರಹವನ್ನು ಓದಿ ಎರಡು ದಿನ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಮೂರನೆಯ ದಿನ, ನನ್ನ ನೆನಪು ಒಡೆದರೆ ಒಡೆಯಲಿ ಎಂದು ಊರಿನಲ್ಲಿರುವ ದೊಡ್ಡಮ್ಮನಿಗೆ ಫೋನು ಮಾಡಿದೆ. ‘ಓದಿನ ಮನೆ’ ಮೇಡಂ ಹೇಳಿದಂತೆ ಸೂಚಕ ಪ್ರಶ್ನೆ ಹಾಕಲಿಲ್ಲ. ‘ಅಡಿಕೆ ಸುಲಿಯುವ ಕಾಲದಲ್ಲಿ ಚಿಕ್ಕಂದಿನಲ್ಲಿ ನಾನು ಹೇಗಿರುತ್ತಿದ್ದೆ’ ಎಂದಷ್ಟೇ ಕೇಳಿದೆ.

‘ಅಯ್ಯೋ, ನಿನ್ನ ಕಾಟ ಕೇಳ್ಬೇಡ ಮಾರಾಯ್ತಿ’ ಎಂದರು. ನಾನು ಸುಲಿಯುವವರ ಸಾಲಿನ ನಡುವೆ ಓಡಾಡುತ್ತಾ, ಒಬ್ಬೊಬ್ಬರಿಂದಲೂ ಹಾಡು ಹೇಳಿಸುತ್ತಾ, ಮೆಟ್ಟುಕತ್ತಿ ತಾಗೀತೆಂದು ಅವರು ಗದರಿದರೆ ಇನ್ನಷ್ಟು ಕೂಗುತ್ತಾ ಇರುತ್ತಿದ್ದೆನಂತೆ. ನಾನು ಬಂದರೆ ಕೆಲಸ ನಿಲ್ಲುತ್ತದೆಂದು ಅಜ್ಜ ನನ್ನನ್ನು ಒಳಗೆ ಮಲಗಿಸಿ ಬಾಗಿಲು ಹಾಕಿಸುತ್ತಿದ್ದರಂತೆ. ನಾನು ಮಾತೇ ಹೊರಡದೆ ಕೇಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಒಂದು ವರ್ಷ ಮಾತ್ರ ನಿಂಗೆ ನಾಯಿಕೆಮ್ಮು ಬಂದು ಗಂಟಲೇ ಕಟ್ಟಿಹೋಗಿತ್ತು. ಒಳಗೆ ಥಂಡಿ ಅಂತ ಹಂಡೆ ಒಲೆ ಪಕ್ಕ ಗೋಣಿ ಹಾಸಿ ಮಲಗಿಸ್ತಿದ್ವಿ. ಕೂಗಕ್ಕೆ ಹೋಗಿ ಸ್ವರ ಬರದೆ ಕಣ್ಣೀರು ಹಾಕ್ತಿದ್ದೆ’ ಎಂದರು.

ಕಣ್ಣೀರಿನ ನೆನಪು ನನಗಿಲ್ಲ. ಗೋಣಿಯ ನೆನಪಿದೆ, ಚೊಗರಿನ ವಾಸನೆಯ ನೆನಪಿದೆ, ಸುಮ್ಮನಿದ್ದದ್ದು ನೆನಪಿದೆ. ಎಲ್ಲ ರಾತ್ರಿಗಳಂತಿದ್ದ ರಾತ್ರಿಗಳು ಹೋಗಿ, ನಾನು ನಾನಾಗಿರದ ಕೆಲವು ರಾತ್ರಿಗಳು ಉಳಿದವು. ಅವುಗಳನ್ನೇ ನಾನು ಇಷ್ಟು ವರ್ಷ ನನ್ನ ಸ್ವಭಾವವೆಂದು ಎಣಿಸಿದ್ದೆ. ಆ ಕೂಗುವ ಹುಡುಗಿ ಯಾವಾಗ ನಿಂತಳು, ಏಕೆ ನಿಂತಳು ಎಂದು ದೊಡ್ಡಮ್ಮನನ್ನು ಕೇಳಿದೆ. ‘ಶಾಲೆಗೆ ಹೋದ್ಮೇಲೆ ಸರಿಯಾದೆ’ ಎಂದರು. ‘ಸರಿಯಾದೆ’ ಎಂಬ ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ಅದರ ಬಗ್ಗೆ ಬೇರೆಯಾಗಿ ಬರೆಯಬೇಕು.

ಸಹೋದ್ಯೋಗಿಗೆ ನಿಮ್ಮೆಲ್ಲರ ಮಾತುಗಳನ್ನು ಓದಿ ಹೇಳಿದೆ. ಆಕೆ ಆಡ್ಲರ್ ಬಗ್ಗೆಯೂ ಕೇಳಲಿಲ್ಲ, ಅಧ್ಯಯನಗಳ ಬಗ್ಗೆಯೂ ಕೇಳಲಿಲ್ಲ. ಕಂಬಳಿಯ ಚುಕ್ಕಿಗಳ ಭಾಗವನ್ನು ಮಾತ್ರ ಮತ್ತೊಮ್ಮೆ ಓದಿಸಿದರು. ನಿನ್ನೆ ಸಂಜೆ ಕಡತಗಳನ್ನು ಕಟ್ಟುತ್ತಿದ್ದಾಗ ತಾನಾಗಿಯೇ, ಆ ಕೈ ಯಾರದೆಂದು ತನಗೆ ಗೊತ್ತೇ ಇಲ್ಲ, ಅಪ್ಪನದಿರಬೇಕೆಂದು ಯಾವಾಗಲೋ ತಾನೇ ಅಂದುಕೊಂಡದ್ದು ಎಂದರು. ಯುಗಾದಿಗೆ ಊರಿಗೆ ಹೋದಾಗ ದೊಡ್ಡ ಅಣ್ಣನನ್ನು ಕೇಳುತ್ತಾರಂತೆ. ಹೇಗೆ ಕೇಳಬೇಕೆಂದು ನನ್ನನ್ನು ಕೇಳಿದರು. ಇಬ್ಬರೂ ಕುಳಿತು ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆವು.